ತೋಟದ ದಾರಿಯ ಹಳೆಯ ಯೆಜ್ದಿ 250: ಬೋರು ಹಾಕಿಸಿದರೆ ಸಾಕೇ, ಎಂಜಿನ್ ಪೂರ್ತಿ ಬಿಚ್ಚಬೇಕೇ?

ತೋಟದಮನೆ (ಶಿರಸಿ)

ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಎಪ್ಪತ್ತರ ದಶಕದ ಯೆಜ್ದಿ 250 ಒಂದಿದೆ. ತಂದೆಯವರು ಅದನ್ನು ಪೇಟೆಗೆ ಓಡಿಸಿದ್ದಕ್ಕಿಂತ ಸೊಪ್ಪಿನ ಬೆಟ್ಟಕ್ಕೂ ಹಳ್ಳದಾಚೆಯ ಅಡಿಕೆ ತೋಟಕ್ಕೂ ಓಡಿಸಿದ್ದೇ ಹೆಚ್ಚು. ಅದಕ್ಕಾಗಿಯೇ ಮುಂದಿನ ಮಡ್‌ಗಾರ್ಡನ್ನು ಎತ್ತರಿಸಿ, ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ ಮತ್ತು ಬಟನ್ ಟೈರು ಹಾಕಿಸಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಗಾಡಿ ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಂತಿದೆ. ಕಾರ್ಬ್ಯುರೇಟರನ್ನು ಯಾರೋ ಬಿಚ್ಚಿ ಒಯ್ದಿದ್ದರಿಂದ ಇನ್‌ಲೆಟ್ ಬಾಯಿ ಅಷ್ಟೂ ಕಾಲ ತೆರೆದೇ ಇತ್ತು.

ಈಗ ಕಿಕ್ ಕೆಳಗಿಳಿಯುವುದೇ ಇಲ್ಲ. ಪ್ಲಗ್ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಗೋಡೆಯ ಮೇಲೆ ತುಕ್ಕು ಕಾಣುತ್ತದೆ. ನಿಲ್ಲಿಸುವ ಮೊದಲಿನ ಕಾಲದಲ್ಲಿ ಗಾಡಿ ವಿಪರೀತ ಬಿಳಿ ಹೊಗೆ ಬಿಡುತ್ತಿತ್ತು ಮತ್ತು ಗೇರ್ ಆಯಿಲ್ ಎಷ್ಟು ಹಾಕಿದರೂ ಕಡಿಮೆಯಾಗುತ್ತಿತ್ತು, ಆದರೆ ನೆಲದ ಮೇಲೆ ಒಂದು ಹನಿಯೂ ಸೋರಿರಲಿಲ್ಲ ಎಂದು ತಂದೆಯವರು ಹೇಳುತ್ತಾರೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಹೆಡ್ಡು ಮತ್ತು ಬ್ಲಾಕು ಎತ್ತಿ, ಬೋರು ಹಾಕಿಸಿ (ಅಂದರೆ ಆ ಕೊಳವೆಯನ್ನು ಸ್ವಲ್ಪ ಅಗಲಕ್ಕೆ ಕೊರೆಸಿ), ಹೊಸ ಪಿಸ್ಟನ್ ಕೂರಿಸಿದರೆ ಕೆಲಸ ಮುಗಿಯಿತು, ಕೆಳಗಿನ ಭಾಗ ಮುಟ್ಟುವುದು ಬೇಡ ಎಂದಿದ್ದಾರೆ. ಖರ್ಚಿನ ದೃಷ್ಟಿಯಿಂದ ಅದು ಒಪ್ಪುವಂತಿದ್ದರೂ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಈ ಎಂಜಿನ್ನನ್ನು ಬಿಚ್ಚಿ ಕಟ್ಟಿದ ಅನುಭವ ಇರುವವರು ದಯವಿಟ್ಟು ತಿಳಿಸಿ: ಅಂಟಿಕೊಂಡ ಪಿಸ್ಟನ್ನನ್ನು ಹಾನಿಯಾಗದಂತೆ ಬಿಡಿಸುವುದು ಹೇಗೆ, ಮತ್ತು ಕ್ರ್ಯಾಂಕ್‌ಕೇಸನ್ನು, ಅಂದರೆ ಎಂಜಿನ್ನಿನ ಕೆಳಗಿನ ಪೆಟ್ಟಿಗೆಯನ್ನು, ಎರಡು ಹೋಳಾಗಿ ಸೀಳದೆ ಬಿಡಬಹುದೇ?

ಕಾಳಿದಂಡೆ (ಕಾರವಾರ)

ಕ್ರ್ಯಾಂಕ್‌ಕೇಸನ್ನು ಸೀಳಲೇಬೇಕು. ನಿಮ್ಮ ತಂದೆಯವರು ಹೇಳಿದ ಎರಡು ಲಕ್ಷಣಗಳೇ ಅದಕ್ಕೆ ಸಾಕಷ್ಟು ಸಾಕ್ಷಿ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆ ಆಯಿಲ್ ನಿಲ್ಲುವ ಜಾಗ ಮಾತ್ರ. ನಿಮ್ಮ ಯೆಜ್ದಿಯಂಥ ಟೂ ಸ್ಟ್ರೋಕಿನಲ್ಲಿ ಅದೇ ಕೋಣೆ ಪಂಪಿನ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರಿದಾಗ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಒಳಕ್ಕೆ ಬರುತ್ತದೆ, ಇಳಿದಾಗ ಅಲ್ಲಿ ಒತ್ತಿಕೊಂಡು ಟ್ರಾನ್ಸ್‌ಫರ್ ಪೋರ್ಟುಗಳ (ಬೋರಿನ ಗೋಡೆಯಲ್ಲಿರುವ ಕಿಟಕಿಗಳ) ಮೂಲಕ ಮೇಲಕ್ಕೆ ಹೋಗುತ್ತದೆ. ಈ ಕೋಣೆಯ ಬಿಗಿಯನ್ನು ಕಾಯುವವು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳು. ಯೆಜ್ದಿಯಲ್ಲಿ ಎಡಗಡೆಯ ಸೀಲಿನ ಆಚೆ ಪ್ರೈಮರಿ ಚೈನು ಮತ್ತು ಕ್ಲಚ್ ಇವೆ, ಅಲ್ಲಿರುವುದು ಗೇರ್ ಬಾಕ್ಸಿನದೇ ಆಯಿಲ್. ಆ ಸೀಲು ಹೋದರೆ ಪಿಸ್ಟನ್ ಮೇಲೇರಿದ ಪ್ರತಿ ಸಲವೂ ಎಂಜಿನ್ ಗೇರ್ ಆಯಿಲನ್ನು ಹೀರಿ ಸುಡುತ್ತದೆ. ಆಯಿಲ್ ನೆಲಕ್ಕೆ ಸೋರದೆ ಕಡಿಮೆಯಾಗುತ್ತಿದ್ದುದಕ್ಕೂ ಬಿಳಿ ಹೊಗೆಗೂ ಇದೇ ಕಾರಣ, ಹೊಸ ಪಿಸ್ಟನ್ನಿನಿಂದ ಇದು ನಿಲ್ಲುವುದಿಲ್ಲ. ಬಲಗಡೆ ಡೈನಮೋ ಹಿಂದಿರುವ ಸೀಲು ಹೋದರೆ ಇನ್ನೂ ಕೆಟ್ಟದ್ದು. ಅಲ್ಲಿಂದ ಬರಿಯ ಗಾಳಿ ಒಳಬಂದು ಮಿಶ್ರಣದಲ್ಲಿ ಪೆಟ್ರೋಲೂ ಅದರೊಂದಿಗಿನ ಆಯಿಲೂ ಕಡಿಮೆಯಾಗುತ್ತವೆ, ಐಡ್ಲಿಂಗ್ ತಾನಾಗಿಯೇ ಏರಿ ಇಳಿಯುತ್ತದೆ, ಎತ್ತರ ಹತ್ತುವಾಗ ಎಂಜಿನ್ ಸೀಜ್ ಆಗುತ್ತದೆ (ಪಿಸ್ಟನ್ ಬೋರಿಗೆ ಹಿಡಿದುಕೊಳ್ಳುತ್ತದೆ). ಬೋರು ಹಾಕಿಸಿದ ಸ್ವಲ್ಪ ದಿನದಲ್ಲೇ ಮತ್ತೆ ಹಿಡಿದುಕೊಂಡ ಟೂ ಸ್ಟ್ರೋಕ್‌ಗಳ ಕಥೆ ಬಹುಪಾಲು ಈ ಸೀಲಿನದೇ ಆಗಿರುತ್ತದೆ, ಬೈಗುಳ ಮಾತ್ರ ಪಿಸ್ಟನ್ ತಯಾರಿಸಿದವರಿಗೆ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ. ವರ್ಷಕ್ಕೆ ಮೂರು ತಿಂಗಳು ಬಟ್ಟೆ ಒಣಗದ ನಮ್ಮ ಜಿಲ್ಲೆಯಲ್ಲಿ ಇನ್‌ಲೆಟ್ ತೆರೆದ ಎಂಜಿನ್ ಇಷ್ಟು ವರ್ಷ ನಿಂತಿದ್ದರೆ ತೇವ ಕ್ರ್ಯಾಂಕ್‌ಕೇಸಿನ ತಳದಲ್ಲಿ ಕೂತಿರುತ್ತದೆ. ಬಿಗ್ ಎಂಡಿನ (ಪಿಸ್ಟನ್ನಿನ ರಾಡು ಕ್ರ್ಯಾಂಕಿಗೆ ಕೂಡುವ ತುದಿಯ) ರೋಲರುಗಳು ಒಂದೇ ಜಾಗದಲ್ಲಿ ಒತ್ತಿ ನಿಂತಲ್ಲೆಲ್ಲ ತುಕ್ಕಿನ ಗುಳಿ ಬಿದ್ದಿರುತ್ತದೆ. ರಾಡನ್ನು ಕೈಯಲ್ಲಿ ಅಲ್ಲಾಡಿಸಿದರೆ ಆಟ ಕಾಣದಿರಬಹುದು, ಎಂಜಿನ್ ಓಡತೊಡಗಿದ ಮೇಲೆ ಆ ಗುಳಿಗಳು ಹರಡಿಕೊಳ್ಳುತ್ತವೆ. ಮೇಲಾಗಿ ನೀವು ಪಿಸ್ಟನ್ ಬಿಡಿಸುವಾಗ ಬೋರಿನ ತುಕ್ಕಿನ ಪುಡಿಯೆಲ್ಲ ಕೆಳಕ್ಕೇ ಉದುರುತ್ತದೆ. ಅದನ್ನು ಪೆಟ್ರೋಲು ಹೊಯ್ದು ತೊಳೆದೆ ಎನ್ನುವವರು ಆ ಪುಡಿಯನ್ನು ಬೇರಿಂಗಿನ ಒಳಕ್ಕೇ ತಳ್ಳಿರುತ್ತಾರೆ.

ಇನ್ನು ಬಿಡಿಸುವ ಬಗೆ. ಕಿಕ್ ಮೇಲೆ ನಿಂತು ತುಳಿಯುವುದಾಗಲಿ, ಗೇರ್ ಹಾಕಿ ಗಾಡಿಯನ್ನು ಇಳಿಜಾರಿನಲ್ಲಿ ನೂಕುವುದಾಗಲಿ ಬೇಡ. ಈ ಗಾಡಿಯಲ್ಲಿ ಕಿಕ್ಕೂ ಗೇರ್ ಹಾಕುವ ಲಿವರೂ ಒಂದೇ ಆದ್ದರಿಂದ ಅಲ್ಲಿ ಮುರಿದರೆ ಎರಡು ಕೆಲಸ ಕೆಡುತ್ತವೆ. ಪ್ಲಗ್ಗಿನ ತೂತಿನಿಂದಲೂ ಇನ್‌ಲೆಟ್ಟಿನಿಂದಲೂ ಡೀಸೆಲ್ ಮತ್ತು ತೆಳು ಆಯಿಲಿನ ಮಿಶ್ರಣ ಹೊಯ್ದು ಕೆಲವು ದಿನ ಬಿಡಿ, ಆಗಾಗ ಮತ್ತೆ ತುಂಬಿ. ಆಮೇಲೆ ಹೆಡ್ ತೆಗೆದು, ಬ್ಲಾಕನ್ನು ಹೊರಗಿನಿಂದ ಹಾಟ್ ಏರ್ ಗನ್ನಿನಿಂದ ಬೆಚ್ಚಗೆ ಮಾಡಿ, ಪಿಸ್ಟನ್ನಿನ ತಲೆಗೆ ಸರಿಯಾಗಿ ಕೂರುವ ಗಟ್ಟಿ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಪೆಟ್ರೋಲು, ಡೀಸೆಲ್ ಹೊಯ್ದ ಎಂಜಿನ್ನಿಗೆ ಬೆಂಕಿಯ ಜ್ವಾಲೆ ಹಿಡಿಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗ್ರೀಸ್ ಗನ್ನಿನಿಂದ ಪ್ಲಗ್ ತೂತಿನೊಳಗೆ ಒತ್ತಡ ಕೊಟ್ಟು ಪಿಸ್ಟನ್ ತಳ್ಳುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಪಿಸ್ಟನ್ ಎಲ್ಲ ಪೋರ್ಟುಗಳನ್ನೂ ಮುಚ್ಚುವಷ್ಟು ಮೇಲೆ ನಿಂತಿದ್ದರೆ ಮಾತ್ರ ಅದು ನಡೆಯುತ್ತದೆ, ಇಲ್ಲವಾದರೆ ಗ್ರೀಸೆಲ್ಲ ಸೈಲೆನ್ಸರಿನಲ್ಲಿ ಇಳಿಯುತ್ತದೆ.

ಲೇತ್‌ಮನೆ (ಶಿರಸಿ)

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಬೋರು ಹಾಕಿಸುವುದು ಆಗಲೇ ನಿಶ್ಚಯವಾದಂತೆ ಎಲ್ಲರೂ ಮಾತಾಡುತ್ತಿರುವುದು ನನಗೆ ಸರಿಕಾಣಲಿಲ್ಲ. ಮೊದಲು ಅಳತೆ ಆಗಲಿ. ಈ ಎಂಜಿನ್ನಿನ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ. ಬ್ಲಾಕು ಎರಕದ ಕಬ್ಬಿಣದ್ದು. ಪಿಸ್ಟನ್ನಿನ ತಲೆಯನ್ನು ಉಜ್ಜಿ ನೋಡಿದರೆ ಅದರ ಅಳತೆ ಕೊರೆದಿರುತ್ತದೆ, ಹಿಂದೆ ಬೋರು ಹಾಕಿಸಿದ್ದರೋ ಇಲ್ಲವೋ ಅದರಿಂದ ತಿಳಿಯುತ್ತದೆ. ಆಮೇಲೆ ಬೋರ್ ಗೇಜ್ ಇಟ್ಟು ಮೇಲೆ, ಪೋರ್ಟುಗಳ ಸುತ್ತ, ಕೆಳಗೆ, ಪ್ರತಿ ಮಟ್ಟದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ತುಕ್ಕು ಬರಿಯ ಬಣ್ಣದಂತಿದ್ದರೆ ಹೋನಿಂಗ್ (ಕಲ್ಲಿನಿಂದ ಗೋಡೆಯನ್ನು ಉಜ್ಜಿ ನಯ ಮಾಡುವುದು) ಸಾಕಾಗಬಹುದು. ಉಗುರಿಗೆ ಸಿಕ್ಕುವ ಗುಳಿಗಳಿದ್ದರೆ ಬೋರನ್ನು ಅಗಲಿಸಿ ಪಿಸ್ಟನ್ನಿನ ಮುಂದಿನ ಓವರ್‌ಸೈಜಿಗೆ ಹೋಗಬೇಕು. ಓವರ್‌ಸೈಜುಗಳೆಲ್ಲ ಮುಗಿದಿದ್ದರೆ ಸ್ಲೀವ್, ಅಂದರೆ ಬೋರಿನೊಳಗೆ ಹೊಸ ಕೊಳವೆ. ಆದರೆ ಸ್ಲೀವ್ ಹಾಕಿದ ಮೇಲೆ ಪೋರ್ಟುಗಳ ಕಿಟಕಿಗಳನ್ನು ಹಳೆಯ ಎತ್ತರದಲ್ಲೇ ಕತ್ತರಿಸುವ ಕೈ ಇರುವವರನ್ನೇ ಹುಡುಕಿ. ಒಂದು ಮಿಲಿಮೀಟರು ಆಚೀಚೆ ಆದರೂ ಎಂಜಿನ್ನಿನ ಗುಣವೇ ಬದಲಾಗುತ್ತದೆ.

ಪಿಸ್ಟನ್ ಕೈಗೆ ಬಂದ ಮೇಲೆಯೇ ಬ್ಲಾಕನ್ನು ಬೋರಿಂಗಿಗೆ ಕೊಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಮಾರುಕಟ್ಟೆಯಲ್ಲಿ ಇರುವುದು ಹಳೆಯ ದಾಸ್ತಾನು ಮತ್ತು ಬೇರೆಯವರು ಮಾಡಿದ ಮಾಲು. ಡಬ್ಬಿಯ ಮೇಲೆ ಬರೆದ ಅಳತೆಗೂ ಒಳಗಿನ ಪಿಸ್ಟನ್ನಿಗೂ ವ್ಯತ್ಯಾಸ ಇರುವುದನ್ನು ನಾನು ನೋಡಿದ್ದೇನೆ. ಯೆಜ್ದಿ ಹೆಸರಿನಲ್ಲಿ 2022ರಿಂದ ಬರುತ್ತಿರುವ ಹೊಸ ಗಾಡಿಗಳು ಫೋರ್ ಸ್ಟ್ರೋಕ್ ಆದ್ದರಿಂದ ಅವುಗಳ ಅಂಗಡಿಯಲ್ಲಿ ಎಂಜಿನ್ ಸಾಮಾನು ಕೇಳಿ ಉಪಯೋಗವಿಲ್ಲ. ಪಿಸ್ಟನ್ ಜೊತೆಗೆ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು) ಎಷ್ಟೆಂದು ಕೊಟ್ಟಿದ್ದರೆ ಅದೇ ಪ್ರಮಾಣ. ಕೊಡದಿದ್ದರೆ, ಗಾಳಿಯಿಂದ ತಂಪಾಗುವ ಕಬ್ಬಿಣದ ಬ್ಲಾಕಿಗೆ ಬೋರಿನ ಒಂದು ಇಂಚಿಗೆ ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಎಂಬ ಹಳೆಯ ಲೆಕ್ಕ ಹಿಡಿದರೆ 65 ಮಿ.ಮೀ. ಬೋರಿಗೆ ಸುಮಾರು 0.065 ಮಿ.ಮೀ. ಬರುತ್ತದೆ. ಅದಕ್ಕಿಂತ ಬಿಗಿಯಾಗಿ ಕೂರಿಸಿ ‘ಓಡುತ್ತ ಓಡುತ್ತ ಸಡಿಲವಾಗುತ್ತದೆ’ ಎನ್ನುವವರಿಗೆ ಬ್ಲಾಕು ಕೊಡಬೇಡಿ.

ಬೋರಿಂಗ್ ಆದ ಮೇಲೆ ಪೋರ್ಟುಗಳ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಆ ಅಂಚುಗಳನ್ನೆಲ್ಲ ಸಣ್ಣ ಕಲ್ಲಿನಿಂದಲೋ ಉಪ್ಪು ಕಾಗದದಿಂದಲೋ ಮಟ್ಟಸವಾಗಿ ಮುರಿಯಬೇಕು, ಇಲ್ಲವಾದರೆ ರಿಂಗು ಕಿಟಕಿಯಲ್ಲಿ ಸಿಕ್ಕಿ ಒಡೆಯುತ್ತದೆ. ಕಾರಿನ ಬ್ಲಾಕುಗಳಿಗೆ ಬೋರು ಹಾಕಿ ರೂಢಿಯಾದವರು ಇದನ್ನು ಮಾಡುವುದಿಲ್ಲ, ಅವರಿಗೆ ಅದರ ಅಗತ್ಯವೇ ಬಿದ್ದಿರುವುದಿಲ್ಲ. ರಿಂಗಿನ ಬಾಯಿ ಕೂರುವ ಜಾಗದಲ್ಲಿ ಪಿಸ್ಟನ್ನಿನ ತೋಡಿನೊಳಗೆ ಸಣ್ಣ ಗೂಟವಿರುತ್ತದೆ, ರಿಂಗು ತಿರುಗಿ ಅದರ ತುದಿ ಪೋರ್ಟಿಗೆ ಬರದಿರಲೆಂದು. ಬ್ಲಾಕು ಇಳಿಸುವಾಗ ರಿಂಗಿನ ಬಾಯಿ ಆ ಗೂಟದ ಮೇಲೇ ಇದೆಯೇ ಎಂದು ನೋಡಿಕೊಳ್ಳಿ. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಎಗ್ಸಾಸ್ಟ್ ಕಡೆಗೆ ಇರಬೇಕು.

ದೇವಿಮನೆತಿರುವು (ಕುಮಟಾ)

ಕೇಸು ಸೀಳುವ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕೂಡು ಅಂಚಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಅಲ್ಲಿ ಒಂದು ಗೆರೆ ಬಿದ್ದರೂ ಅದೇ ಮುಂದೆ ಗಾಳಿ ಎಳೆಯುವ ದಾರಿಯಾಗುತ್ತದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಕೇಸನ್ನು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದರೆ ಬೇರಿಂಗುಗಳು ಹೆಚ್ಚು ಬಡಿತವಿಲ್ಲದೆ ಕಳಚುತ್ತವೆ. ಮೇಲೆ ಒಂದು ಹನಿ ನೀರು ಚಿಮುಕಿಸಿದಾಗ ಚುರ್ರೆಂದರೆ ಶಾಖ ಸಾಕು. ಹೊಸ ಬೇರಿಂಗು ಕೂರಿಸುವಾಗ ಕೇಸು ಬಿಸಿ ಇರಲಿ, ಬೇರಿಂಗು ರಾತ್ರಿಯೆಲ್ಲ ಫ್ರೀಜರಿನಲ್ಲಿರಲಿ. ಡೈನಮೋ ಆರ್ಮೇಚರ್ ಮತ್ತು ಕ್ಲಚ್ ಹಬ್ಬಿಗೆ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯ ಏಟು ಕ್ರ್ಯಾಂಕಿನ ತುದಿಯನ್ನು ಬಾಗಿಸುತ್ತದೆ.

ನಾನು ಬರೆಯಲು ಕೂತಿದ್ದು ಮುಖ್ಯವಾಗಿ ಲೀಕ್ ಟೆಸ್ಟ್ ಕುರಿತು, ಏಕೆಂದರೆ ಇದನ್ನು ನಮ್ಮ ಕಡೆ ಮಾಡುವವರು ತೀರಾ ಕಡಿಮೆ. ಎಂಜಿನ್ ಕಟ್ಟಿ ಮುಗಿದ ಮೇಲೆ, ಫ್ರೇಮಿಗೆ ಕೂರಿಸುವ ಮೊದಲು, ಡೈನಮೋ ಮತ್ತು ಕ್ಲಚ್ ಬದಿಯ ಮುಚ್ಚಳ ಹಾಕದೆ ಇದನ್ನು ಮಾಡಬೇಕು. ಎರಡು ಎಗ್ಸಾಸ್ಟ್ ಬಾಯಿಗಳನ್ನೂ ಇನ್‌ಲೆಟ್ಟನ್ನೂ ಹಳೆಯ ಟ್ಯೂಬಿನ ರಬ್ಬರು ಮತ್ತು ತಗಡಿನಿಂದ ಬಿಗಿಯಾಗಿ ಮುಚ್ಚಿ, ಒಂದು ತಗಡಿನಲ್ಲಿ ಸಣ್ಣ ನಳಿಕೆ ಕೂರಿಸಿ, ಪ್ಲಗ್ ಹಾಕಿ, ಪಿಸ್ಟನ್ನನ್ನು ಪೂರ್ತಿ ಕೆಳಗೆ ನಿಲ್ಲಿಸಿ. ಆಗ ಮೇಲಿನ ಕೋಣೆ, ಕೆಳಗಿನ ಕೋಣೆ ಎರಡೂ ಒಂದಾಗಿರುತ್ತವೆ. ಬೇಕಾದ ಒತ್ತಡ 6 ಪಿಎಸ್‌ಐ ಮಾತ್ರ. ಇದಕ್ಕೆ ಹಳೆಯ ಬಿಪಿ ಯಂತ್ರದ ಗಡಿಯಾರ ಮತ್ತು ಒತ್ತುವ ಬಲ್ಬು ಸಾಕು, ಅದರ 300ರ ಗುರುತು ಹೆಚ್ಚುಕಡಿಮೆ 6 ಪಿಎಸ್‌ಐಗೆ ಸಮ. ಒತ್ತಡ ಏರಿಸಿ ಬಿಟ್ಟಾಗ ಮುಳ್ಳು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೀಲುಗಳಿಗೆ, ಕೂಡು ಅಂಚಿಗೆ, ಬ್ಲಾಕಿನ ಬುಡಕ್ಕೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಬೈಸಿಕಲ್ ಪಂಪಿನಿಂದ ಜೋರಾಗಿ ಒತ್ತಿದರೆ ಹೊಸ ಸೀಲೇ ಜಾಗ ಬಿಟ್ಟು ಹೊರಬಂದೀತು.

ಇನ್ನೊಂದು ವಿಷಯ ನಮ್ಮ ಘಟ್ಟಕ್ಕೆ ಸಂಬಂಧಿಸಿದ್ದು. ಪೆಟ್ರೋಲಿಗೆ ಆಯಿಲ್ ಬೆರೆಸುವ ಗಾಡಿಗಳಲ್ಲಿ ಆಕ್ಸಿಲರೇಟರ್ ಮುಚ್ಚಿದರೆ ಪೆಟ್ರೋಲಿನ ಜೊತೆ ಆಯಿಲೂ ನಿಲ್ಲುತ್ತದೆ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವಾಗ ಗೇರಿನಲ್ಲಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಂದರೆ ಚಕ್ರವೇ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿರುತ್ತದೆ, ಒಳಗೆ ಆಯಿಲ್ ಮಾತ್ರ ಇರುವುದಿಲ್ಲ. ಜರ್ಮನಿಯ ಡಿಕೆಡಬ್ಲ್ಯು ಟೂ ಸ್ಟ್ರೋಕ್ ಕಾರುಗಳಲ್ಲಿ ಎಂಜಿನ್ನನ್ನು ಚಕ್ರದಿಂದ ತಾನಾಗಿಯೇ ಬಿಡಿಸುವ ಫ್ರೀ ವೀಲ್ ಇಟ್ಟಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಯೆಜ್ದಿಯಲ್ಲಿ ಅದಿಲ್ಲದಿರುವುದರಿಂದ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಂದೊಂದು ಸಲ ತಿರುವುತ್ತಿರಬೇಕು. ನಿಮ್ಮ ಗಾಡಿಗೆ ಹಿಂದೆ ದೊಡ್ಡ ಸ್ಪ್ರಾಕೆಟ್ ಇದೆ ಎಂದಿರಿ. ಅಂದರೆ ಅದೇ ವೇಗಕ್ಕೆ ಎಂಜಿನ್ ಇನ್ನೂ ಹೆಚ್ಚು ಸುತ್ತುತ್ತದೆ, ಎಚ್ಚರವೂ ಅಷ್ಟೇ ಹೆಚ್ಚು ಬೇಕು.

ತೋಟದಮನೆ (ಶಿರಸಿ)

ಎಲ್ಲರಿಗೂ ಕೃತಜ್ಞತೆಗಳು. ಪಿಸ್ಟನ್ ಮರದ ತುಂಡಿನ ಉಪಾಯದಿಂದಲೇ ಬಿಟ್ಟಿತು. ಅದರ ತಲೆಯ ಮೇಲೆ 65.50 ಎಂದಿದೆ, ಬೋರಿನಲ್ಲಿ ಎಗ್ಸಾಸ್ಟ್ ಪೋರ್ಟಿನ ಕೆಳಗೆ ಉಗುರಿಗೆ ಸಿಕ್ಕುವ ಗುಳಿಗಳಿವೆ. ಕೇಸು ಸೀಳಿದಾಗ ಎಡಗಡೆಯ ಸೀಲಿನ ತುಟಿ ಕಲ್ಲಿನಂತೆ ಗಟ್ಟಿಯಾಗಿ ಒಂದು ಕಡೆ ಸೀಳಿಹೋಗಿತ್ತು. ಕ್ರ್ಯಾಂಕಿನ ತಳಭಾಗದಲ್ಲಿ ಕೆಂಪು ಕೆಸರು ಇತ್ತು. ರಾಡಿಗೆ ಮೇಲೆ ಕೆಳಗೆ ಆಟ ಇರಲಿಲ್ಲ, ಆದರೆ ನಿಧಾನ ತಿರುಗಿಸಿದರೆ ಒಂದು ಜಾಗದಲ್ಲಿ ಕರಕರ ಎನ್ನುತ್ತದೆ. ಕ್ರ್ಯಾಂಕನ್ನು ಹುಬ್ಬಳ್ಳಿಗೆ ಕಳಿಸಬೇಕೆಂದಿದ್ದೇನೆ. ಅಲ್ಲಿ ಏನೇನು ಮಾಡಿಸಬೇಕು ಎಂದು ಹೇಳಿಕೊಡುವಿರಾ? ಇನ್ನೊಂದು ಪ್ರಶ್ನೆ: ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು. ಅದಕ್ಕೆ ಈ ಎಂಜಿನ್ ಹೊಂದಿಕೊಳ್ಳುತ್ತದೆಯೇ, ಆಯಿಲ್ ಎಷ್ಟು ಬೆರೆಸಬೇಕು?

ಕಾಳಿದಂಡೆ (ಕಾರವಾರ)

ಆ ಕರಕರ ಸದ್ದೇ ನಾನು ಹೇಳಿದ ರೋಲರಿನ ಗುಳಿ. ಈ ಕ್ರ್ಯಾಂಕಿನ ಎರಡು ಚಕ್ರಗಳನ್ನು ಒಂದು ಪಿನ್ನಿನ ಮೇಲೆ ಒತ್ತಿ ಕೂಡಿಸಿರುತ್ತಾರೆ, ಬೋಲ್ಟು ಇರುವುದಿಲ್ಲ. ರಾಡು, ಪಿನ್ನು, ರೋಲರು ಮೂರೂ ಹೊಸದಾಗಿ ಕಿಟ್ಟಿನಲ್ಲಿ ಬರುವಂತೆ ನೋಡಿಕೊಳ್ಳಿ. ಹಳೆಯ ರಾಡಿಗೆ ಹೊಸ ರೋಲರ್ ಮಾತ್ರ ಹಾಕುವ ಉಳಿತಾಯ ಉಳಿತಾಯವಲ್ಲ. ಹೈಡ್ರಾಲಿಕ್ ಪ್ರೆಸ್ ಇರುವಲ್ಲೆಲ್ಲ ಈ ಕೆಲಸ ಒಪ್ಪಿಕೊಳ್ಳುತ್ತಾರೆ. ಆದರೆ ಒತ್ತಿದ ಮೇಲೆ ಎರಡು ತುದಿಗಳನ್ನೂ ವಿ ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಿಂದ ನೋಡಿ, ತಾಮ್ರದ ಸುತ್ತಿಗೆಯಿಂದ ಸರಿಪಡಿಸುವುದೇ ನಿಜವಾದ ಕೆಲಸ, ಅದಕ್ಕೆ ತಾಳ್ಮೆ ಬೇಕು. ಕೊಡುವ ಮೊದಲೇ ‘ಡಯಲ್ ಗೇಜಿನಲ್ಲಿ ನನ್ನೆದುರು ತೋರಿಸುತ್ತೀರಾ?’ ಎಂದು ಕೇಳಿ. ಆ ಪ್ರಶ್ನೆಗೆ ನಕ್ಕವರಿಗೆ ಕೊಡಬೇಡಿ. ಎರಡೂ ಬದಿಯ ಮೇನ್ ಬೇರಿಂಗು ಮತ್ತು ಸೀಲು ಹೇಗೂ ಹೊಸದಾಗಲಿ. ಕೇಸನ್ನು ಮಾತ್ರ ಬೇರೆ ಗಾಡಿಯದಕ್ಕೆ ಬದಲಿಸುವ ಮಾತಿಗೆ ಒಪ್ಪಬೇಡಿ, ಎಂಜಿನ್ ನಂಬರ್ ಆರ್‌ಸಿಯೊಂದಿಗೆ ಹೊಂದದಿದ್ದರೆ ನೋಂದಣಿ ನವೀಕರಿಸುವಾಗ ಆರ್‌ಟಿಒದಲ್ಲಿ ತೊಡಕಾಗುತ್ತದೆ.

ಇನ್ನು ಎಥನಾಲ್. 20 ಶೇಕಡಾ ಎಥನಾಲ್ ಇರುವ ಪೆಟ್ರೋಲು 2023ರಿಂದ ದೇಶದಲ್ಲಿ ಹಂತಹಂತವಾಗಿ ಬಂದಿದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ತೂತಿನಲ್ಲಿ) ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಮೇನ್ ಜೆಟ್ಟನ್ನು ಒಂದು ಅಳತೆ ಹೆಚ್ಚಿಸಿ ಪ್ಲಗ್ಗಿನ ಬಣ್ಣ ನೋಡಿ. ಪಿಂಗಾಣಿ ಬೆಳ್ಳಗಿದ್ದರೆ ಇನ್ನೂ ತೆಳು, ಕಾಫಿ ಬಣ್ಣ ಬಂದರೆ ಸರಿ. ಹಳೆಯ ರಬ್ಬರು ಪೈಪು ಮತ್ತು ವಾಷರುಗಳನ್ನು ಎಥನಾಲ್ ಮೆತ್ತಗೆ ಮಾಡುತ್ತದೆ, ಅವನ್ನೆಲ್ಲ ಬದಲಿಸಿ. ಜೆಟ್ಟಿಗಿಂತಲೂ ದೊಡ್ಡ ತೊಂದರೆ ನಮ್ಮ ಹವೆಯದು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕಿನಿಂದ ಮೊದಲು ಇಳಿಯುವುದು ಆಯಿಲ್ ಇಲ್ಲದ ಆ ತಳದ ಪದರ. ಆದ್ದರಿಂದ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕನ್ನು ಖಾಲಿ ಮಾಡಿ, ಒಳಗೆ ತುಕ್ಕು ಹಿಡಿಯದಂತೆ ಆಯಿಲ್ ಸವರಿ ಇಡಿ, ಕಾರ್ಬ್ಯುರೇಟರಿನ ಬಟ್ಟಲನ್ನು ಒಣಗುವವರೆಗೆ ಓಡಿಸಿ ನಿಲ್ಲಿಸಿ. ಬೆರೆಸಿದ ಪೆಟ್ರೋಲನ್ನು ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಡುವುದೂ ಬೇಡ.

ಆಯಿಲ್ ಪ್ರಮಾಣ ರನ್ನಿಂಗ್ ಇನ್ ಮುಗಿಯುವವರೆಗೆ 1:20, ಅಂದರೆ ಲೀಟರಿಗೆ 50 ಮಿ.ಲೀ. ಆಮೇಲೆ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಆದರೆ 1:25, ಅಂದರೆ ಲೀಟರಿಗೆ 40 ಮಿ.ಲೀ. ಹೆದರಿಕೆಯಿಂದ ಇದಕ್ಕಿಂತ ಹೆಚ್ಚು ಹಾಕುವವರು ಇದ್ದಾರೆ. ಆಯಿಲ್ ಹೆಚ್ಚಾದಷ್ಟೂ ಜೆಟ್ಟಿನಲ್ಲಿ ಹಾದುಹೋಗುವ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ, ಸೈಲೆನ್ಸರಿನಲ್ಲಿ ಮಸಿಯೂ ಕಟ್ಟುತ್ತದೆ.

ಕ್ರ್ಯಾಂಕ್ ಬಂದ ಮೇಲೆ ಎರಡು ತುದಿಗಳ ರನ್‌ಔಟ್ (ತಿರುಗುವಾಗಿನ ಓಲಾಟ) ಎಷ್ಟು ಬಂತೆಂದು ಇಲ್ಲಿ ಬರೆಯಿರಿ. 0.03 ಮಿ.ಮೀ. ಒಳಗಿದ್ದರೆ ಜೋಡಿಸಿ, ಅದಕ್ಕಿಂತ ಹೆಚ್ಚಿದ್ದರೆ ಕೇಸಿಗೆ ಕೂರಿಸದೆ ಅಲ್ಲಿಗೇ ಹಿಂದಕ್ಕೆ ಕಳಿಸಿ.